ಹತ್ತು ಶಿಲ್ಲಿಂಗಿನ ಸಿಂಹ

'ಲಯನ್ ಕಿಂಗ್' ಸಿನಿಮಾದಲ್ಲಿ ಕಾಡುಹಂದಿಯೂ ಅದರ ಪುಟ್ಟ ಗೆಳೆಯನೂ ಹಾಡೋ ಸಿಂಹದ ಹಾಡು ನೆನಪಿದೆಯಾ? ಮಕ್ಕಳ ಜೊತೆ ಕೂತು ನಾನೂ ಎಷ್ಟೋ ಸಲ ಕೇಳಿದ್ದೀನಿ. ಯಾರ ಹಾಡಿದು ಅಂತ ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಸಾಲೊಮನ್ ಲಿಂಡಾ. 1909ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಸೀಮೆಯಲ್ಲಿ ಹುಟ್ಟಿದ ಜುಲು. ಕೂಲಿ ಹುಡುಕಿಕೊಂಡು ಜೊಹಾನ್ಸ್‌ಬರ್ಗಿಗೆ ಬಂದವನು. ಓದು ಬರಹ ಇಲ್ಲ. ಊರವರನ್ನೇ ಕಟ್ಟಿಕೊಂಡು 'ಈವ್ನಿಂಗ್ ಬರ್ಡ್ಸ್' ಅನ್ನೋ ತಂಡ ಮಾಡಿದ. ಹಗಲು ದುಡಿಯೋ ಇವರು ಹಾಡೋಕೆ ನಿಂತರೆ ಸೂಟು, ಹ್ಯಾಟು! ಕರಿಯರನ್ನ ಆಳುಗಳಾಗಿ ಮಾತ್ರ ನೋಡ್ತಿದ್ದ ಊರಲ್ಲಿ ಆ ಸೂಟು ಬರೀ ಶೋಕಿ ಅಂತ ನನಗನಿಸಲ್ಲ.

1939ರಲ್ಲಿ ಗ್ಯಾಲೊ ಕಂಪನಿಯ ಸ್ಟುಡಿಯೋದಲ್ಲಿ 'ಎಂಬೂಬೆ' ರೆಕಾರ್ಡ್ ಆಯ್ತು. ಎಂಬೂಬೆ ಅಂದ್ರೆ ಸಿಂಹ. ತಂಡದವರು ಕೆಳದನಿಯಲ್ಲಿ ಒಂದೇ ಪದ ಹಿಡಿದು ಎಳೀತಿದ್ರೆ, ಲಿಂಡಾ ಮೇಲಿನ ಸ್ಥಾಯಿಯಲ್ಲಿ ಒಬ್ಬನೇ ಅಲೀತಾನೆ. ಕೊನೆಗೆ ಬರೋ ಆ ಮಟ್ಟು ಅಲ್ಲೇ ಆ ಕ್ಷಣಕ್ಕೆ ಹುಟ್ಟಿದ್ದು. ಹಾಡು ಎಷ್ಟು ಹಬ್ಬಿತು ಅಂದ್ರೆ ಆ ಗಾಯನ ಶೈಲಿಗೇ ಎಂಬೂಬೆ ಅಂತ ಹೆಸರು ಬಿತ್ತು. ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ತಂಡ ಬೆಳೆದಿದ್ದು ಇದೇ ಬಳ್ಳಿಯಲ್ಲಿ. ಹಕ್ಕು ಬರೆಸಿಕೊಂಡ ಕಂಪನಿ ಲಿಂಡಾಗೆ ಕೊಟ್ಟಿದ್ದು ಹತ್ತು ಶಿಲ್ಲಿಂಗ್, ಮತ್ತೆ ತನ್ನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ.

ಡಿಸ್ಕು ಅಮೆರಿಕಕ್ಕೆ ಹೋಯ್ತು. ಪೀಟ್ ಸೀಗರ್ ಪದ ತಪ್ಪಾಗಿ ಕೇಳಿಸಿಕೊಂಡು 'ವಿಮೊವೆ' ಅಂತ ಹಾಡಿದರು. ಇದು ಆಫ್ರಿಕಾದ ಜಾನಪದ ಅಂದುಕೊಂಡಿದ್ದರಂತೆ. ನೋಡಿ, ಇದೇ ಮಾತು! ದುಡಿಯೋರ ಹಾಡಿಗೆ 'ಜಾನಪದ' ಅನ್ನೋ ಚೀಟಿ ಅಂಟಿಸಿದರೆ ಮುಗೀತು, ಕಟ್ಟಿದವನ ಹೆಸರು ಕೇಳೋರಿಲ್ಲ. ನಮ್ಮ ಕೇರಿಯ ತಮಟೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಲಿಂಡಾಗೆ ಹಣ ಕಳಿಸಿ ಅಂತ ಸೀಗರ್ ಹೇಳಿದ್ದುಂಟು, ಅದನ್ನ ಮರೆಮಾಚಬಾರದು. ಆದರೆ ವ್ಯಾಪಾರ ನಡೆಸಿದವರೇ ಬೇರೆ.

1961ರಲ್ಲಿ ಅದೇ ಮಟ್ಟಿಗೆ ಇಂಗ್ಲಿಷ್ ಮಾತು ಹೊಂದಿಸಿ ಟೋಕನ್ಸ್ ತಂಡ ಹಾಡಿತು. ಅಮೆರಿಕದಲ್ಲೇ ಮೊದಲ ಸ್ಥಾನ. ಮರುವರ್ಷ ಲಿಂಡಾ ಮೂತ್ರಪಿಂಡದ ಕಾಯಿಲೆಯಿಂದ ಬಡವನಾಗೇ ಸತ್ತ. ಸಮಾಧಿಗೆ ಕಲ್ಲು ನಿಲ್ಲಿಸೋಕೆ ಮನೆಯವರಿಗೆ 18 ವರ್ಷ ಬೇಕಾಯ್ತು.

2000ದಲ್ಲಿ ಪತ್ರಕರ್ತ ರಿಯಾನ್ ಮಲಾನ್ ಇದನ್ನೆಲ್ಲ ಬಯಲಿಗೆಳೆದರು. ಹಾಡು ದುಡಿದದ್ದು ಒಂದೂವರೆ ಕೋಟಿ ಡಾಲರ್ ಇರಬಹುದು ಅನ್ನೋದು ಅವರ ಲೆಕ್ಕ. ಆಮೇಲೆ ಕೆಲಸಕ್ಕೆ ಬಂದದ್ದು ಬ್ರಿಟಿಷರದ್ದೇ 1911ರ ಕಾಪಿರೈಟ್ ಕಾಯ್ದೆ: ಬರೆದುಕೊಟ್ಟ ಹಕ್ಕೂ ಸತ್ತ 25 ವರ್ಷಕ್ಕೆ ವಾರಸುದಾರರಿಗೆ ವಾಪಸ್. ಆಳಿದವರ ಕಾನೂನನ್ನೇ ಹಿಡಿದು 2004ರಲ್ಲಿ ಡಿಸ್ನಿ ಮೇಲೆ ಕೇಸು ಬಿತ್ತು. 2006ರಲ್ಲಿ ರಾಜಿಯಾಗಿ ಲಿಂಡಾ ಹೆಸರು ಹಾಡಿನ ಮೇಲೆ ಬಂತು, ಹೆಣ್ಣುಮಕ್ಕಳಿಗೆ ಪಾಲೂ ಬಂತು.

ಅವರಲ್ಲೊಬ್ಬಳು ಅಷ್ಟರಲ್ಲಿ ತೀರಿಹೋಗಿ ಐದು ವರ್ಷ ಆಗಿತ್ತು.