ಆರ್‌ಪಿಜಿ ವಿಡಿಯೊ ಗೇಮ್‌ಗಳು: ನಿರೀಕ್ಷೆ ಮತ್ತು ನಿರಾಶೆಯ ಇತಿಹಾಸ

ಆಟಗಾರ ಒಂದು ಪಾತ್ರವನ್ನು ವಹಿಸಿಕೊಂಡು, ಅದರ ಶಕ್ತಿ, ಸ್ವಭಾವ, ಸಂಬಂಧಗಳನ್ನು ತಾನೇ ಬೆಳೆಸುತ್ತ ಹೋಗುವ ವಿಡಿಯೊ ಗೇಮ್‌ಗೆ ರೋಲ್ ಪ್ಲೇಯಿಂಗ್ ಗೇಮ್ ಅಥವಾ ಆರ್‌ಪಿಜಿ ಎಂದು ಹೆಸರು. ಬಿಡುಗಡೆಗೆ ಮುಂಚಿನ ಅಬ್ಬರದ ಪ್ರಚಾರ, ಅಂದರೆ ಹೈಪ್, ಎಲ್ಲ ಬಗೆಯ ಗೇಮ್‌ಗಳಿಗೂ ಇರುತ್ತದೆ. ಆದರೆ ಅದು ಹುಸಿಯಾದಾಗ ಬೀಳುವ ಪೆಟ್ಟು ಆರ್‌ಪಿಜಿಯಲ್ಲಿ ಹೆಚ್ಚು ಜೋರು. ರೇಸಿಂಗ್ ಗೇಮಿನಲ್ಲಿ ಕಾರು ಹೇಗೆ ಓಡುತ್ತದೆ ಎಂಬುದನ್ನು ಎರಡು ನಿಮಿಷದ ಡೆಮೊದಲ್ಲಿ ತೋರಿಸಿಬಿಡಬಹುದು. ಆರ್‌ಪಿಜಿಯಲ್ಲಿ ಮಾಡಿದ ಆಯ್ಕೆಯ ಫಲ ನಲವತ್ತು ಗಂಟೆಯ ಆಟದ ಬಳಿಕ ಸಿಗುತ್ತದೆ ಎಂಬುದನ್ನು ಹಾಗೆ ತೋರಿಸಲಾಗದು. ತಯಾರಕರ ಮಾತನ್ನೇ ನಂಬಬೇಕು. ಈ ಪ್ರಕಾರದ ದೊಡ್ಡ ನಿರಾಶೆಗಳು ಬಹುಪಾಲು ಹುಟ್ಟಿದ್ದು ಈ ನಂಬಿಕೆಯಲ್ಲೇ.

1980ರ ದಶಕದಲ್ಲಿ ಪ್ರಚಾರವೆಂದರೆ ಪತ್ರಿಕೆಯ ಜಾಹೀರಾತು ಮತ್ತು ಪೆಟ್ಟಿಗೆಯ ಮೇಲಿನ ಚಿತ್ರ. ಅಲ್ಟಿಮಾ ಸರಣಿಯ ಪೆಟ್ಟಿಗೆಗಳಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆಯೂ ಇರುತ್ತಿತ್ತು. ಪರದೆಯ ಮೇಲೆ ಕಾಣುತ್ತಿದ್ದುದು ಸಣ್ಣ ಚೌಕಗಳಷ್ಟೇ. ಉಳಿದದ್ದನ್ನು ಆಟಗಾರ ಊಹಿಸಿಕೊಳ್ಳುತ್ತಿದ್ದ. ಜಪಾನಿನಲ್ಲಿ ಶೋನೆನ್ ಜಂಪ್ ವಾರಪತ್ರಿಕೆಯ ಬೆಂಬಲದಿಂದ ಬೆಳೆದ ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಮೂರನೆಯ ಆಟ 1988ರ ಫೆಬ್ರುವರಿ 10ರಂದು ಬಂದಾಗ ಅಂಗಡಿಗಳ ಮುಂದೆ ಉದ್ದನೆಯ ಸಾಲುಗಳಿದ್ದವು. ಶಾಲೆ ತಪ್ಪಿಸಿ ನಿಂತಿದ್ದ ಮಕ್ಕಳನ್ನು ಪೊಲೀಸರು ಹಿಡಿದದ್ದೂ ಸುದ್ದಿಯಾಯಿತು. ಕೊಂಡವರಿಗೆ ಮಾತ್ರ ನಿರಾಶೆಯಾಗಲಿಲ್ಲ.

ಸಿ.ಡಿ. ಬಂದ ಮೇಲೆ ಲೆಕ್ಕ ಬದಲಾಯಿತು. 1997ರಲ್ಲಿ ಫೈನಲ್ ಫ್ಯಾಂಟಸಿ 7ಕ್ಕಾಗಿ ಅಮೆರಿಕದ ಟಿ.ವಿ.ಯಲ್ಲಿ ಬಂದ ಜಾಹೀರಾತುಗಳಲ್ಲಿ ಮೆರೆದದ್ದು ಮೊದಲೇ ತಯಾರಿಸಿಟ್ಟ ಚಲನಚಿತ್ರದಂಥ ದೃಶ್ಯಗಳು, ಆಡುವ ಭಾಗವಲ್ಲ. ಆಟ ಗೆದ್ದಿತು; ಅದರ ಜೊತೆಗೆ ಈ ಜಾಹೀರಾತಿನ ರೀತಿಯೂ ಗೆದ್ದಿತು. 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿದ್ದ ಇ3 ಎಂಬ ವಿಡಿಯೊ ಗೇಮ್ ಮೇಳ ಅದಕ್ಕೆ ವಾರ್ಷಿಕ ವೇದಿಕೆಯಾಯಿತು.

ಹುಸಿ ಭರವಸೆಯ ಮಾತು ಬಂದಾಗಲೆಲ್ಲ ಇಂದಿಗೂ ಮೊದಲು ನೆನಪಾಗುವುದು ಬ್ರಿಟನ್ನಿನ ಪೀಟರ್ ಮಾಲಿನ್ಯೂ. ತಮ್ಮ ಫೇಬಲ್ ಗೇಮಿನಲ್ಲಿ ಓಕ್ ಮರದ ಬೀಜ ಬಿದ್ದಲ್ಲಿ ಗಿಡ ಮೊಳೆತು, ಕಾಲ ಕಳೆದಂತೆ ಮರವಾಗುತ್ತದೆ ಎಂದು ಅವರು ಸಂದರ್ಶನಗಳಲ್ಲಿ ಹೇಳಿದ್ದರು. 2004ರ ಸೆಪ್ಟೆಂಬರಿನಲ್ಲಿ ಆಟ ಬಂತು. ಆ ಮರ ಬರಲಿಲ್ಲ. ಆಟ ಚೆನ್ನಾಗಿಯೇ ಮಾರಾಟವಾಗಿ ವಿಮರ್ಶಕರ ಮೆಚ್ಚುಗೆಯನ್ನೂ ಪಡೆದಿತ್ತು. ಆದರೂ ಹೇಳಿ ಬಿಟ್ಟುಹೋದ ಅಂಶಗಳಿಗಾಗಿ ಮಾಲಿನ್ಯೂ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅವರಿಗೆ ಮೋಸದ ಉದ್ದೇಶವಿತ್ತೆಂದು ಹೇಳುವುದು ಅನ್ಯಾಯ. ತಯಾರಿಕೆಯ ನಡುವೆ ಹೊಳೆದ ಪ್ರತಿ ಆಲೋಚನೆಯನ್ನೂ ಮುಗಿದ ಕೆಲಸದಂತೆ ಹೇಳಿಕೊಂಡದ್ದು ಅವರ ತಪ್ಪು. ಒಳ್ಳೆಯ ಆಟವೊಂದು ತನ್ನಲ್ಲಿಲ್ಲದ ಮರದಿಂದಾಗಿ ಬೈಸಿಕೊಂಡಿತು.

2012ರ ಮಾರ್ಚ್‌ನಲ್ಲಿ ಬಂದ ಮಾಸ್ ಎಫೆಕ್ಟ್ 3ರದು ಇನ್ನೂ ನೋವಿನ ಕಥೆ. ಮೂರು ಆಟಗಳುದ್ದಕ್ಕೂ ಮಾಡಿದ ಆಯ್ಕೆಗಳಿಗೆ ಕೊನೆಯಲ್ಲಿ ಬೆಲೆ ಬರುತ್ತದೆಂದು ತಯಾರಕ ಸಂಸ್ಥೆ ಬಯೋವೇರ್ ಹೇಳಿತ್ತು. ಐದು ವರ್ಷ ಕಾದವರ ಮುಂದೆ ಕೊನೆಗೆ ಬಂದದ್ದು ಒಂದೇ ಬಗೆಯ ಮೂರು ಮುಕ್ತಾಯಗಳು. ಎದ್ದು ಕಾಣುತ್ತಿದ್ದ ವ್ಯತ್ಯಾಸ ಕೆಂಪು, ಹಸಿರು, ನೀಲಿ ಎಂಬ ಬಣ್ಣದ್ದು. ಅಭಿಮಾನಿಗಳು ಹಣ ಕೂಡಿಸಿ ಕೆನಡಾದ ಎಡ್ಮಂಟನ್‌ನಲ್ಲಿದ್ದ ಸಂಸ್ಥೆಯ ಕಚೇರಿಗೆ ಸುಮಾರು ನಾನೂರು ಕಪ್‌ಕೇಕ್ ಕಳಿಸಿದರು. ಮೇಲಿನ ಕ್ರೀಮಿಗೆ ಅವೇ ಮೂರು ಬಣ್ಣ, ಒಳಗೆ ಎಲ್ಲಕ್ಕೂ ಒಂದೇ ವೆನಿಲ್ಲಾ ರುಚಿ. ಅದೇ ಜೂನ್‌ನಲ್ಲಿ ಬಯೋವೇರ್ ಮುಕ್ತಾಯವನ್ನು ವಿಸ್ತರಿಸಿ ಉಚಿತವಾಗಿ ಕೊಟ್ಟಿತು.

ಸಂಸ್ಥೆಗೆ ತನ್ನ ಹೆಸರೇ ಹೈಪ್ ಆಗುವುದುಂಟು. ಸ್ಕ್ವೇರ್ ಎನಿಕ್ಸ್ 2010ರ ಸೆಪ್ಟೆಂಬರಿನಲ್ಲಿ ತಂದ ಆನ್‌ಲೈನ್ ಆಟ ಫೈನಲ್ ಫ್ಯಾಂಟಸಿ 14 ಹೀನಾಯವಾಗಿ ಸೋತಿತು. ಆಮೇಲೆ ಹೊಣೆ ಹೊತ್ತ ನವೋಕಿ ಯೋಶಿದಾ ಹೇಳಿದ ಒಂದು ಉದಾಹರಣೆ ಸೋಲಿನ ಕಾರಣವನ್ನು ಬಿಡಿಸಿಡುತ್ತದೆ: ಆ ಆಟದ ಒಂದು ಹೂಕುಂಡವನ್ನು ಬಿಡಿಸಲು ಕಂಪ್ಯೂಟರ್ ಒಬ್ಬ ಮನುಷ್ಯ ಪಾತ್ರಕ್ಕೆ ಬೇಕಾಗುವಷ್ಟೇ ಕೆಲಸ ಮಾಡಬೇಕಿತ್ತು. ಫೈನಲ್ ಫ್ಯಾಂಟಸಿ ಎಂದರೆ ಕಣ್ಣು ಕೋರೈಸಬೇಕು ಎಂಬ ನಿರೀಕ್ಷೆ ತಯಾರಕರ ತಲೆಗೂ ಏರಿತ್ತು. ಸಂಸ್ಥೆ ಕ್ಷಮೆ ಕೇಳಿ, ಮಾಸಿಕ ಶುಲ್ಕವನ್ನು ಕೆಲಕಾಲ ಕೈಬಿಟ್ಟು, 2012ರ ನವೆಂಬರಿನಲ್ಲಿ ಕಥೆಯೊಳಗೇ ಆ ಲೋಕವನ್ನು ನಾಶಮಾಡಿ ಸರ್ವರ್ ಮುಚ್ಚಿತು. 2013ರ ಆಗಸ್ಟ್‌ನಲ್ಲಿ ಹೊಸದಾಗಿ ಕಟ್ಟಿದ ಆಟ ಬಂದು ನೆಲೆನಿಂತಿತು.

ಇಷ್ಟೆಲ್ಲ ನಡೆದ ಮೇಲೂ ಅತಿ ದೊಡ್ಡ ಕುಸಿತ ಬಾಕಿಯಿತ್ತು. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆ 2012ರಲ್ಲಿ ಘೋಷಿಸಿದ ಸೈಬರ್‌ಪಂಕ್ 2077ರ ಮೊದಲ ಟೀಸರ್ 2013ರ ಜನವರಿಯಲ್ಲಿ ಬಂತು. ಸಿದ್ಧವಾದಾಗ ಬರುತ್ತದೆ ಎಂಬುದಷ್ಟೇ ಅದರಲ್ಲಿದ್ದ ಬಿಡುಗಡೆಯ ಸೂಚನೆ. 2015ರಲ್ಲಿ ಅದು ತಂದ ವಿಚರ್ 3 ಆಟ ಸಂಸ್ಥೆಗೆ ಅಪಾರ ವಿಶ್ವಾಸ ಗಳಿಸಿಕೊಟ್ಟಿತು. 2018ರಲ್ಲಿ 48 ನಿಮಿಷದ ಡೆಮೊ, 2019ರ ಇ3 ವೇದಿಕೆಯಲ್ಲಿ ನಟ ಕಿಯಾನು ರೀವ್ಸ್. ಆಮೇಲೆ ಏಪ್ರಿಲ್, ಸೆಪ್ಟೆಂಬರ್, ನವೆಂಬರ್ ಎಂದು ದಿನಾಂಕ ಜಾರುತ್ತಾ 2020ರ ಡಿಸೆಂಬರ್ 10ಕ್ಕೆ ಆಟ ಹೊರಬಂತು. ಅಷ್ಟರಲ್ಲಿ 80 ಲಕ್ಷ ಪ್ರತಿಗಳು ಮುಂಗಡವಾಗಿ ಮಾರಾಟವಾಗಿದ್ದವು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಸಿಕ್ಕಿದ್ದು ಪಿ.ಸಿ. ಆವೃತ್ತಿ ಮಾತ್ರ; ತಾವು ಆಡಿದ ದೃಶ್ಯಗಳನ್ನು ತೋರಿಸಲೂ ಅವರಿಗೆ ಅನುಮತಿ ಇರಲಿಲ್ಲ. ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಆಟ ತಡವರಿಸುತ್ತಿತ್ತು, ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ಇದನ್ನು ಕೊಂಡವರು ಮನೆಯಲ್ಲಿ ಆಟ ಹಾಕಿದ ಮೇಲೆಯೇ ಕಂಡುಕೊಂಡರು. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಆಟವನ್ನು ತೆಗೆದುಹಾಕಿ ಹಣ ವಾಪಸ್ ಕೊಡತೊಡಗಿತು. ಅದು ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ.

ಇದನ್ನು ಫೇಬಲ್ ಪ್ರಕರಣದ ಪಕ್ಕದಲ್ಲಿಟ್ಟು ಸಮವೆನ್ನಲಾಗದು. ಅಲ್ಲಿ ಕನಸು ಕೈಮೀರಿತ್ತು. ಇಲ್ಲಿ ಕೊಳ್ಳುವವನಿಗೆ ಬೇಕಾದ ಮಾಹಿತಿಯೇ ಅವನ ಕೈಗೆ ಸಿಗಲಿಲ್ಲ. ಹೂಡಿಕೆದಾರರು ಹೂಡಿದ ಮೊಕದ್ದಮೆ 18.5 ಲಕ್ಷ ಡಾಲರ್ ಪರಿಹಾರದೊಂದಿಗೆ ಇತ್ಯರ್ಥವಾಯಿತು. ತಂಡ ಮಾತ್ರ ಕೆಲಸ ಬಿಡಲಿಲ್ಲ: 2023ರ ಸೆಪ್ಟೆಂಬರಿನ 2.0 ಪರಿಷ್ಕರಣೆ ಮತ್ತು ಫ್ಯಾಂಟಮ್ ಲಿಬರ್ಟಿ ವಿಸ್ತರಣೆಯ ಬಳಿಕ ಅದು ನಿಜಕ್ಕೂ ಉತ್ತಮ ಆಟವಾಯಿತು. ಆದರೆ ಆ ಉತ್ತಮ ಆಟಕ್ಕೆ 2020ರಲ್ಲೇ ಪೂರ್ತಿ ಬೆಲೆ ತೆತ್ತವರು ಸುಮಾರು ಮೂರು ವರ್ಷ ಕಾದಿದ್ದರು.

ಬೇರೆ ದಾರಿಯೂ ಇದೆ. ಬೆಲ್ಜಿಯಂನ ಲಾರಿಯನ್ ಸಂಸ್ಥೆ ಬಾಲ್ಡರ್ಸ್ ಗೇಟ್ 3ರ ಮೊದಲ ಅಂಕವನ್ನು ಅಪೂರ್ಣವೆಂದು ಹೇಳಿಯೇ 2020ರ ಅಕ್ಟೋಬರಿನಲ್ಲಿ ಮಾರಾಟಕ್ಕಿಟ್ಟಿತು. ಆಡಿದವರ ಆಕ್ಷೇಪಗಳನ್ನು ಕೇಳಿಕೊಂಡು ತಿದ್ದುತ್ತ 2023ರ ಆಗಸ್ಟ್‌ನಲ್ಲಿ ಪೂರ್ಣ ಆಟ ಕೊಟ್ಟಿತು. ಆ ವರ್ಷದ ಪ್ರಮುಖ ಪ್ರಶಸ್ತಿಗಳು ಅದಕ್ಕೇ ಸಂದವು. ಅದೇ ಡಿಸೆಂಬರಿನಲ್ಲಿ, ಹೈಪ್‌ಗೆ ವೇದಿಕೆಯಾಗಿದ್ದ ಇ3 ಮೇಳವನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಸಂಘಟಕರು ಪ್ರಕಟಿಸಿದರು.

ಹಾಗೆಂದು ಹಳೆಯ ಚಾಳಿ ಹೋಗಿಲ್ಲ. ಎಲ್ಡರ್ ಸ್ಕ್ರಾಲ್ಸ್ 6ರ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಟೀಸರ್ 2018ರಲ್ಲೇ ಬಂದಿತ್ತು. ಏಳು ವರ್ಷ ಕಳೆದರೂ ಆಟ ಬರಲಿಲ್ಲ. ಸಿ.ಡಿ. ಪ್ರಾಜೆಕ್ಟ್ ಮಾತ್ರ 2025ರ ಜೂನ್‌ನಲ್ಲಿ ವಿಚರ್ 4ರ ಲೋಕವನ್ನು ಪ್ರದರ್ಶಿಸಿದಾಗ ಅದನ್ನು ದುಬಾರಿ ಪಿ.ಸಿ.ಯಲ್ಲಿ ಓಡಿಸದೆ ಸಾಮಾನ್ಯ ಪ್ಲೇಸ್ಟೇಷನ್ 5ರಲ್ಲಿ ಓಡಿಸಿತು. ಇದು ತಾಂತ್ರಿಕ ಪ್ರಾತ್ಯಕ್ಷಿಕೆ, ಆಟದ ಭಾಗವಲ್ಲ ಎಂದೂ ಸ್ಪಷ್ಟಪಡಿಸಿತು.