ಇಂಡೊನೇಷ್ಯನ್ ಭಾಷೆಯ ಪ್ರಾಂತೀಯ ಎರವಲು ಪದಗಳು

ಇಂಡೊನೇಷ್ಯನ್ ಭಾಷೆಯ ಎರವಲು ಎಂದೊಡನೆ ಸಂಸ್ಕೃತ, ಅರಬ್ಬಿ, ಡಚ್ ಪದಗಳ ಪಟ್ಟಿ ಮುಂದೆ ಬರುತ್ತದೆ. ದೇಶದೊಳಗಿನ ಏಳುನೂರಕ್ಕೂ ಹೆಚ್ಚು ಭಾಷೆಗಳು ಕೊಟ್ಟ ಪದಗಳ ಲೆಕ್ಕ ಅಷ್ಟು ಸುಲಭವಲ್ಲ. ಜಾವಾನೀಸ್, ಸುಂಡಾನೀಸ್, ಮಿನಾಂಗ್‌ಕಬಾವ್ ಎಲ್ಲವೂ ಇಂಡೊನೇಷ್ಯನ್‌ಗೆ ಮೂಲವಾದ ಮಲಯ್ ಭಾಷೆಯ ಬಳಗದವೇ. ಒಂದೇ ಪದ ಎರಡು ಕಡೆ ಕಂಡಾಗ ಅದು ಎರವಲೋ, ಹಿರಿಯರಿಂದ ಬಂದ ಪಾಲೋ ಎಂಬುದು ತಕ್ಷಣ ತಿಳಿಯುವುದಿಲ್ಲ.

1928ರ ಯುವ ಪ್ರತಿಜ್ಞೆ ಮಲಯ್ ಮೂಲದ ಈ ನುಡಿಯನ್ನು ಇಂಡೊನೇಷ್ಯನ್ ಎಂದು ಕರೆಯಿತು. 1945ರ ಸಂವಿಧಾನ ಅದನ್ನು ದೇಶದ ಭಾಷೆಯಾಗಿಸಿತು. ಅದನ್ನು ಕಲಿತ ಜಾವಾನೀಯರು ತಮ್ಮ ಪದಗಳನ್ನೂ ಜೊತೆಗೆ ತಂದರು. ಮಲಯ್‌ನ 'ಬಿಸಾ' ಸಂಸ್ಕೃತದ ವಿಷವೇ. ಜಾವಾನೀಸ್‌ನ 'ಬಿಸಾ' ಎಂದರೆ 'ಆಗುತ್ತದೆ, ಸಾಧ್ಯ'. ನಿಘಂಟಿನಲ್ಲಿ ಇವೆರಡೂ ಇಂದು ಬೇರೆ ಬೇರೆ ನಮೂದುಗಳು.

ನಿಜವಾದ ತಿರುವು 1975ರ ಪಾರಿಭಾಷಿಕ ಪದರಚನೆಯ ಮಾರ್ಗಸೂಚಿ. ಇಂಡೊನೇಷ್ಯನ್‌ನಲ್ಲಿ ತಕ್ಕ ಪದ ಸಿಗದಿದ್ದರೆ ಮೊದಲು ಬಳಗದ ಭಾಷೆಗಳಲ್ಲಿ ಹುಡುಕಬೇಕು, ವಿದೇಶಿ ಪದ ಆಮೇಲೆ ಎಂಬ ಕ್ರಮವನ್ನು ಅದು ಹಾಕಿಕೊಟ್ಟಿತು. ಸಸ್ಯಗಳು ಕೊಳೆತು ಆಗುವ ಜೌಗು ಮಣ್ಣಿಗೆ ಬಂಜಾರ್ ಭಾಷೆಯ 'ಗಂಬುತ್', ನೋವಿಗೆ ಸುಂಡಾನೀಸ್‌ನ 'ನ್ಯೆರಿ' ನೆಲೆಗೊಂಡವು. ಜಾವಾನೀಸ್‌ನಲ್ಲಿ ಮರದಿಂದ ಹಣ್ಣು ಕೀಳುವುದಕ್ಕಿದ್ದ 'ಉಂದುಹ್' ಈಗ ಡೌನ್‌ಲೋಡ್ ಆಗಿದೆ. ರೈತರ ಪದವೊಂದು ಕಂಪ್ಯೂಟರ್ ಪರದೆಗೆ ಏರಿದ ಈ ದಾರಿ ಸೊಗಸಾದದ್ದು. ಎಲ್ಲ ಪದಗಳಿಗೂ ಈ ಭಾಗ್ಯ ಇರಲಿಲ್ಲ. ಪರಿಣಾಮಕಾರಿ, ದಕ್ಷ ಎಂಬ ಅರ್ಥಗಳಿಗೆ ಮುಂದಿಟ್ಟ 'ಮಂಕುಸ್', 'ಸಂಕಿಲ್' ನಿಘಂಟಿನಲ್ಲಿವೆ, ಜನರ ಬಾಯಲ್ಲಿಲ್ಲ. ಅಲ್ಲಿ 'ಎಫೆಕ್ತಿಫ್', 'ಎಫಿಸಿಯೆನ್' ಗೆದ್ದಿವೆ.

ಹೆಚ್ಚು ಗೊಂದಲವಿರುವುದು 'ಮಂತಾನ್' ಬಗ್ಗೆ. 'ಮಾಜಿ' ಎಂಬ ಅರ್ಥಕ್ಕೆ ಮೊದಲು 'ಬೆಕಾಸ್' ಇತ್ತು. ಅದು ಹಳೆಯ ಕಾರಿಗೂ ಹಳೆಯ ಮಂತ್ರಿಗೂ ಒಂದೇ ಆಗಿದ್ದರಿಂದ ಗೌರವಕ್ಕೆ ಕುಂದೆನಿಸಿತು. ಆ ಜಾಗಕ್ಕೆ 'ಮಂತಾನ್' ಬಂತು. ಈಗ ಮಾಜಿ ಪ್ರೇಮಿಗೂ ಅದೇ ಪದ. ಮೂಲ ಕೊಮೆರಿಂಗ್ ಎಂದು ಕೆಲವರು, ಬಸೆಮಾಹ್ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ದಕ್ಷಿಣ ಸುಮಾತ್ರದ ನುಡಿಗಳು. ಇದು ಸಣ್ಣ ಜಗಳವಲ್ಲ: ಕೊಮೆರಿಂಗ್ ಲಾಂಪುಂಗ್ ಗುಂಪಿನದು, ಬಸೆಮಾಹ್ ಮಲಯ್‌ನದೇ ಒಂದು ಪ್ರಭೇದ. ಎರಡನೆಯ ವಾದ ನಿಂತರೆ 'ಮಂತಾನ್' ಮನೆಯ ಪದವೇ ಆಗುತ್ತದೆ.

ಎರವಲು ಪದಕ್ಕೆ ಕೆಟ್ಟ ಧ್ವನಿ ಇರಬಾರದೆಂಬುದೂ ಮಾರ್ಗಸೂಚಿಯ ಷರತ್ತು. ಇಷ್ಟೊಂದು ಭಾಷೆಗಳ ನಡುವೆ ಅದನ್ನು ಪಾಲಿಸುವುದು ಕಷ್ಟ. ಇಂಡೊನೇಷ್ಯನ್ ಭೂಪಟದಲ್ಲಿ 'ಬುಜುರ್' ರೇಖಾಂಶ. ಬಂಜಾರ್‌ನಲ್ಲಿ 'ಸರಿ', ಕರೋ ಬಾತಕ್‌ನಲ್ಲಿ 'ಧನ್ಯವಾದ', ಸುಂಡಾನೀಸ್‌ನಲ್ಲಿ 'ಕುಂಡೆ'. 'ಕಸೆಪ್' ಸುಂಡಾ ತಾಯಂದಿರಿಗೆ 'ಚೆಲುವ'. ಜಾವಾನೀಸ್‌ನಿಂದ ಇಂಡೊನೇಷ್ಯನ್‌ಗೆ ಬಂದ ಅದೇ ಪದಕ್ಕೆ ಅರ್ಥ 'ತೀರಾ ತಡವಾದದ್ದು'.