ಗಿರಣಿಯಂಗಳದಲ್ಲಿ ರೆಟ್ರೋ ರಾತ್ರಿ

ಕಂಪನಿಯ ವಾರ್ಷಿಕ ಕೂಟವಿರಲಿ, ಸೊಸೈಟಿಯ ಹೊಸವರ್ಷದ ರಾತ್ರಿಯಿರಲಿ, ಮದುವೆಯ ಹಿಂದಿನ ದಿನದ ಸಂಗೀತವಿರಲಿ, ಮುಂಬಯಿಯಲ್ಲಿ 'ರೆಟ್ರೋ ಥೀಮ್' ಎಂದು ಬರೆದರೆ ಸಾಕು. ಹಾಗೆಂದರೇನು ಎಂದು ಯಾರೂ ಕೇಳುವುದಿಲ್ಲ. ಗಂಡಸರಿಗೆ ಬೆಲ್ ಬಾಟಂ ಮತ್ತು ಆನೆಕಿವಿಯಂಥ ಕಾಲರ್. ಹೆಂಗಸರಿಗೆ ಚುಕ್ಕಿ ಚುಕ್ಕಿ ಬಟ್ಟೆ, ಹಣೆಯ ಮೇಲೆ ಕತ್ತರಿಸಿ ಬಿಟ್ಟ ಕೂದಲು, ಕಣ್ಣಂಚಿಗೆ ರೆಕ್ಕೆ ಎಳೆದ ಕಾಡಿಗೆ. ಇಷ್ಟಿದ್ದರೆ ಎಪ್ಪತ್ತರ ದಶಕ ಬಂದಂತೆ.

ಈ ಪಟ್ಟಿಯ ಒಂದೊಂದಕ್ಕೂ ಒಂದೊಂದು ಸಿನಿಮಾ ಇದೆ. ಹಣೆಗೂದಲು ಸಾಧನಾ ಅವರದು, 1960ರ 'ಲವ್ ಇನ್ ಸಿಮ್ಲಾ'ದಿಂದ. ನಿರ್ದೇಶಕ ಆರ್. ಕೆ. ನಯ್ಯರ್ ಆಡ್ರೆ ಹೆಪ್‌ಬರ್ನ್‌ರ ಕೇಶಶೈಲಿ ನೋಡಿ ಇವರಿಗೂ ಹಾಗೆ ಮಾಡಿಸಿದರು. ಮೈಗೆ ಅಂಟಿದಂಥ ಚೂಡಿದಾರ್ 1965ರ 'ವಕ್ತ್'ನದು. ಮುಮ್ತಾಜ್ ಸುತ್ತಿಕೊಂಡ ಕಿತ್ತಳೆ ಸೀರೆ 1968ರ 'ಬ್ರಹ್ಮಚಾರಿ'ಯದು. ಈ ಎರಡನ್ನೂ ರೂಪಿಸಿದವರು ನಮ್ಮ ಗಡಿಯಾಚೆಯ ಕೊಲ್ಹಾಪುರದ ಭಾನು ಅಥೈಯಾ, ಮುಂದೆ 'ಗಾಂಧಿ' ಚಿತ್ರಕ್ಕೆ ಆಸ್ಕರ್ ಪಡೆದವರು. ದಮ್ಮಿನ ಹೊಗೆ, ದೊಡ್ಡ ಕನ್ನಡಕ, ಹೂಮಾಲೆಗಳು 1971ರ 'ಹರೇ ರಾಮ ಹರೇ ಕೃಷ್ಣ'ದ ಜೀನತ್ ಅಮಾನ್. ಚುಕ್ಕಿಗಳು 1973ರ 'ಬಾಬಿ'. ಕನ್ನಡದಲ್ಲೂ ಆ ಗಾಳಿ ಇತ್ತು. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸೂಟು ತೊಟ್ಟು ಪಿಸ್ತೂಲು ಹಿಡಿದದ್ದು ನೆನಪಿರಬೇಕು. ಆದರೆ ಮುಂಬಯಿಯ ಪಾರ್ಟಿಗಳಲ್ಲಿ ಅಣ್ಣಾವ್ರ ವೇಷ ಯಾರೂ ಹಾಕುವುದಿಲ್ಲ, ಆ ಮಾತು ಬೇರೆ.

ಇವೆಲ್ಲ ಹದಿಮೂರು ವರ್ಷಗಳಲ್ಲಿ ಹರಡಿದ್ದವು. ಒಟ್ಟುಗೂಡಿಸಿ 'ರೆಟ್ರೋ' ಎಂಬ ಒಂದೇ ಡಬ್ಬಿಗೆ ತುಂಬಿದ್ದು ನಂತರದ ಸಿನಿಮಾವೇ. 2007ರ 'ಓಂ ಶಾಂತಿ ಓಂ' ಎಪ್ಪತ್ತರ ದಶಕವನ್ನು ಹೊಳೆಯುವ ತಮಾಷೆಯಾಗಿ ಮಾಡಿ ತೋರಿಸಿತು. ಬಾಡಿಗೆ ಬಟ್ಟೆ ಅಂಗಡಿಗಳಲ್ಲಿ ಈಗ ಸಿಗುವ ರೆಟ್ರೋ ವೇಷ, ನನ್ನ ಲೆಕ್ಕದಲ್ಲಿ, ಅದರ ಮಗುವೇ ಹೊರತು 'ಬಾಬಿ'ಯದಲ್ಲ.

ಮಗಳ ಆಫೀಸಿನವರು ಇಂಥದೊಂದು ರಾತ್ರಿ ಏರ್ಪಡಿಸಿ ಮನೆಯವರನ್ನೂ ಕರೆದಿದ್ದರು. ನಲವತ್ತು ದಾಟಿದ ಮಗಳು, ಎಪ್ಪತ್ತರ ನಾನು. ಅವಳು ಚುಕ್ಕಿಯ ಟಾಪು, ಬೆಲ್ ಬಾಟಂ ತರಿಸಿದಳು. ನಾನು ಟ್ರಂಕು ತೆಗೆದೆ. 1976ರಲ್ಲಿ ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಉಡುತ್ತಿದ್ದ, ದೊಡ್ಡ ಹೂಗಳ ಪಾಲಿಯೆಸ್ಟರ್ ಸೀರೆ ಒಂದು ಹಾಗೇ ಇತ್ತು. "ಅಮ್ಮಾ, ಇದನ್ನೇ ಉಟ್ಕೋ, ಭಾಳ ಛಂದ ಅದ" ಅಂದಳು. ಪಾರ್ಟಿಯಲ್ಲಿ ಅವಳ ಸಹೋದ್ಯೋಗಿ ಹುಡುಗಿಯೊಬ್ಬಳು ಸೆರಗು ಮುಟ್ಟಿ ನೋಡಿ, "ಆಂಟೀ, ಎಲ್ಲಿ ಬಾಡಿಗೆಗೆ ತಂದ್ರಿ?" ಎಂದು ಹಿಂದಿಯಲ್ಲಿ ಕೇಳಿದಳು.

ಆ ಸೀರೆ ನಮಗೆ ಫ್ಯಾಶನ್ ಆಗಿರಲಿಲ್ಲ, ಸಮಯವಾಗಿತ್ತು. ಹತ್ತಿ ಸೀರೆಗೆ ಗಂಜಿ ಹಾಕಬೇಕು, ಇಸ್ತ್ರಿ ಮಾಡಬೇಕು, ಲೋಕಲ್ ಗಾಡಿಯ ನೂಕಾಟದಲ್ಲಿ ಅರ್ಧ ದಾರಿಗೇ ಅದು ಮುದ್ದೆ. ಪಾಲಿಯೆಸ್ಟರ್ ಸೀರೆಯನ್ನು ರಾತ್ರಿ ಒಗೆದು ಗ್ಯಾಲರಿಯಲ್ಲಿ ಹರವಿದರೆ ಬೆಳಿಗ್ಗೆ ಉಡಬಹುದಿತ್ತು, ಮುಂಬಯಿಯ ಮಳೆಗಾಲದಲ್ಲೂ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಶಾಖೆಗಳು ಹೆಚ್ಚಿ, ಹೆಂಗಸರು ಕೌಂಟರಿಗೆ ಬಂದ ಕಾಲ. ನೀರು ಬರುವುದು ಬೆಳಿಗ್ಗೆ ಒಂದೇ ಗಂಟೆ, ಮನೆಯಲ್ಲಿ ಅತ್ತೆ, ತೊಟ್ಟಿಲಲ್ಲಿ ಕೂಸು. ಹೆಣ್ಣುಮಕ್ಕಳ ಉದ್ಯೋಗದ ಚರಿತ್ರೆ ಬರೆಯುವವರು ಇಸ್ತ್ರಿಯ ಬಗ್ಗೆ ಒಂದು ಅಧ್ಯಾಯ ಬರೆಯಬೇಕು.

ಅದು ಅಗ್ಗವೇನೂ ಅಲ್ಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರ್ ನೂಲು ಟೆರಿಲೀನ್ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹಬ್ಬಿತು. ಹತ್ತಿ ಬೆರೆಸಿದರೆ ಟೆರಿಕಾಟ್, ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್. ನಮ್ಮ ಸರ್ಕಾರದ ಕಣ್ಣಿಗೆ ಇದು ಶ್ರೀಮಂತರ ವಸ್ತು, ಸುಂಕ ಭಾರಿ. ಬಡವರಿಗೆಂದು ಗಿರಣಿಗಳು ಒಂದಿಷ್ಟು 'ಕಂಟ್ರೋಲ್ ಬಟ್ಟೆ' ನೇಯಲೇಬೇಕೆಂಬ ಕಟ್ಟಳೆ ಬೇರೆ ಇತ್ತು. ಬಡವರು ಮಾತ್ರ ಕಾಸು ಕೂಡಿಟ್ಟು ಟೆರಿಕಾಟನ್ನೇ ಕೊಂಡರು, ಯಾಕೆಂದರೆ ಅದು ಹರಿಯುತ್ತಿರಲಿಲ್ಲ. ಊರಿನಲ್ಲಿ ನನ್ನ ತಂದೆಯ ಒಂದೇ ಟೆರಿಕಾಟ್ ಅಂಗಿ ಇಬ್ಬರು ತಮ್ಮಂದಿರ ಇಂಟರ್‌ವ್ಯೂಗೂ ಹೋಗಿ ಬಂದಿತ್ತು. ಎಲ್ಲ ಬಗೆಯ ನೂಲನ್ನೂ ಸಮನಾಗಿ ನೋಡುವ ಜವಳಿ ನೀತಿ ಬಂದದ್ದು 1985ರಲ್ಲಿ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ನಾವು ಕುಣಿಯಲು ಹೋಗಿದ್ದ ಜಾಗದ ಚರಿತ್ರೆ ಇಲ್ಲೇ ಸೇರಿಕೊಳ್ಳುತ್ತದೆ. ಪಾರ್ಟಿ ಇದ್ದದ್ದು ಲೋವರ್ ಪರೇಲ್‌ನ ಹಳೆಯ ಗಿರಣಿಯೊಂದರ ಆವರಣದಲ್ಲಿ. ಮುಂಬಯಿಯ ಮೊದಲ ಹತ್ತಿ ಗಿರಣಿಗೆ ಕಾವಸ್‌ಜಿ ದಾವರ್ 1854ರಲ್ಲಿ ಅಡಿಪಾಯ ಹಾಕಿದರು. ಮುಂದಿನ ನೂರು ವರ್ಷಗಳಲ್ಲಿ ಪರೇಲ್, ಲಾಲ್‌ಬಾಗ್, ವರ್ಲಿ ಎಲ್ಲ ಸೇರಿ ಗಿರಣಗಾಂವ್ ಆಯಿತು, ಅಂದರೆ ಗಿರಣಿಗಳ ಊರು. ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದವರು ಚಾಳಿನ ಒಂದು ಖೋಲಿಯಲ್ಲಿ ಪಾಳಿ ಪ್ರಕಾರ ಮಲಗುತ್ತಿದ್ದರು. ನಮ್ಮ ಕರಾವಳಿಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದ್ದೂ ಇದೇ ಶಹರದಲ್ಲಿ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೂಲಿಯ ಜತೆಗೆ, ತಮ್ಮ ಸಂಘವನ್ನು ತಾವೇ ಆರಿಸಿಕೊಳ್ಳುವ ಹಕ್ಕೂ ಅವರ ಬೇಡಿಕೆಯಾಗಿತ್ತು. ಮುಷ್ಕರ ವರ್ಷ ದಾಟಿತು. ಗಿರಣಿಗಳನ್ನು ಮುಷ್ಕರವೇ ಮುಚ್ಚಿಸಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಭಿವಂಡಿ, ಸೂರತ್‌ಗಳ ಪವರ್‌ಲೂಮುಗಳು ಕಡಿಮೆ ಕೂಲಿಗೆ ಸಿಂಥೆಟಿಕ್ ಬಟ್ಟೆ ನೇಯತೊಡಗಿ ಆಗಲೇ ವರ್ಷಗಳಾಗಿದ್ದವು. ಹಳೆಯ ಯಂತ್ರಗಳಿಗೆ ಮಾಲೀಕರು ಹಣ ಹಾಕಿರಲಿಲ್ಲ, ಹತ್ತಿಗೆ ಗಿರಾಕಿ ಕಡಿಮೆಯಾಗಿದ್ದ. ಆ ಗಿರಾಕಿಗಳಲ್ಲಿ ನಾನೂ ಒಬ್ಬಳು, ನಮ್ಮ ಬ್ಯಾಂಕಿನ ಹೆಂಗಸರೆಲ್ಲ ಇದ್ದರು. ಬೆಳಿಗ್ಗೆ ಒಂದು ಗಂಟೆ ಉಳಿಸಿಕೊಟ್ಟ ಸೀರೆಗಾಗಿ ನಾನು ಪಶ್ಚಾತ್ತಾಪ ಪಡುವುದಿಲ್ಲ. ಆದರೆ ಅದನ್ನು ಉಟ್ಟು ಆ ಅಂಗಳದಲ್ಲಿ ನಿಂತಾಗ ಲೆಕ್ಕ ನೆನಪಾಗದಿರುವುದೂ ಸಾಧ್ಯವಿಲ್ಲ. ಬರುವಾಗ ಟ್ಯಾಕ್ಸಿಯಲ್ಲಿ ಮಗಳಿಗೆ ಇದನ್ನು ಹೇಳಿದೆ. ಅವಳು ಹುಟ್ಟಿದ್ದು ಮುಷ್ಕರದ ವರ್ಷವೇ. ಅಷ್ಟಾದರೂ ಅವಳಿಗೆ ಗೊತ್ತಿದ್ದದ್ದು ಫೀನಿಕ್ಸ್ ಎಂಬ ಮಾಲ್, 1905ರ ಫೀನಿಕ್ಸ್ ಮಿಲ್ ಅಲ್ಲ.

ಗಿರಣಿಗಳ ನೆಲ ಸುಮಾರು 600 ಎಕರೆ. 1991ರ ನಿಯಮದಂತೆ ಮೂರರಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ. 2001ರಲ್ಲಿ ತಿದ್ದುಪಡಿಯಾಗಿ, ಕಟ್ಟಡವಿಲ್ಲದ ಖಾಲಿ ನೆಲಕ್ಕಷ್ಟೇ ಈ ಪಾಲು ಎಂದಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದುನಿಂತದ್ದನ್ನು ನೋಡಿದವರಿಗೆ ಈ ಕಥೆ ಹೊಸದಲ್ಲ.

ಗಿರಣಿ ಕಾರ್ಮಿಕರಿಗೆ ಮಹಾಡಾ ಮನೆಗಳನ್ನು ಲಾಟರಿಯಲ್ಲಿ ಹಂಚುತ್ತದೆ. ಮನೆಗಳು ಕೆಲವು ಸಾವಿರ, ಅರ್ಜಿಗಳು ಲಕ್ಷಕ್ಕೂ ಹೆಚ್ಚು. ಬಹಳಷ್ಟು ಕಡೆ ಅರ್ಜಿ ಹಾಕಿದ ಅಪ್ಪ ಈಗಿಲ್ಲ, ಮಗಳೋ ಮಗನೋ ಓಡಾಡುತ್ತಾರೆ. ಗಿರಣಿಯಲ್ಲಿ ದುಡಿದದ್ದಕ್ಕೆ ಪುರಾವೆ ಬೇಕು. ಅವರ ಟ್ರಂಕಿನಲ್ಲೂ ಆ ಕಾಲದ ವಸ್ತುಗಳಿವೆ: ಅಂಚು ಸವೆದ ಗೇಟ್ ಪಾಸು, ಇಎಸ್‌ಐ ಕಾರ್ಡು, ಪಗಾರದ ಚೀಟಿ.